ಕರೆದರೂ ಬರಬಾರದು

ನನ್ನ ಬಾಯಿ ಜೋರು ಎಂದು ಬಿಳಿಚೋಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ, ನಾನೇನು ಇಲ್ಲ ಎನ್ನುವುದಿಲ್ಲ. ಸಾವಂತ್ರಮ್ಮ ಬೈದರೆ ಬಸ್‌ಸ್ಟ್ಯಾಂಡಿಗೆ ಕೇಳಿಸುತ್ತದೆ ಎನ್ನುವವರು, ಅದೇ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಸಸಿಗೆ ನನ್ನ ಹತ್ತಿರವೇ ಬರುತ್ತಾರೆ ಎಂಬುದನ್ನೂ ಸೇರಿಸಿ ಹೇಳಬೇಕು. ಈರುಳ್ಳಿ, ಮೆಣಸಿನಕಾಯಿ, ಟೊಮೆಟೊ, ಬದನೆ, ಯಾವ ಸಸಿ ಬೇಕಿದ್ದರೂ ಮಡಿ ಮಾಡಿ ಬೆಳೆಸಿ ಕೊಡುವುದು ನನ್ನ ಹದಿನೆಂಟು ವರ್ಷದ ಕಸುಬು. ಇಂಥ ನನ್ನ ಬಾಯಿ ಮುಚ್ಚಿಸಿದವಳು ಒಬ್ಬಳೇ ಒಬ್ಬಳು, ಪಕ್ಕದ ಹೊಲದ ಸುಂಕಲಮ್ಮ. ಅದು ಹೇಗಾಯಿತೆಂದು ನಾನೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಜನ ತಮಗೆ ತೋಚಿದ ಉಪ್ಪುಖಾರ ಹಚ್ಚಿ ಹೇಳುತ್ತಾರೆ.

ನಮ್ಮಿಬ್ಬರ ಮನೆಗಳೂ ಊರಿನ ಹೊರಗೆ ಹೊಲದಲ್ಲೇ ಇವೆ. ನಡುವಿನ ಬೇಲಿ ಎಂದರೆ, ಕಾಡುಹಂದಿ ಒಳಗೆ ಬಾರದಿರಲೆಂದು ಗೂಟಕ್ಕೆ ಸುತ್ತಿದ ಹಳೆಯ ಸೀರೆಗಳು. ಸುಂಕಲಮ್ಮ ನನಗಿಂತ ಹತ್ತು ವರ್ಷ ಚಿಕ್ಕವಳು, ನಲವತ್ತರ ಆಸುಪಾಸು. ಅವಳ ಗಂಡ ಚಿಕ್ಕಹನುಮಂತಪ್ಪ ಕುರಿ ಕಾಯುವವನು. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ನನ್ನ ಗಂಡ ಬಸವರಾಜಪ್ಪನವರದೂ ಮಾತು ಕಡಿಮೆ, ಆದರೆ ಅವರಿಗೆ ಮಾತಾಡಲು ಸಂದು ಸಿಗುವುದಿಲ್ಲ, ಅದು ಬೇರೆ ವಿಷಯ.

ಹೋದ ವರ್ಷ ಆಷಾಢದಲ್ಲಿ ನಮ್ಮ ಮೆಕ್ಕೆಜೋಳದಲ್ಲಿ ಕಳೆ ತೆಗೆಯಲು ಎತ್ತು ಕಟ್ಟಿ ಎಡೆ ಹೊಡೆಯುತ್ತಿದ್ದಾಗ ಕುಂಟೆಯ ಮುಂದಿನಿಂದ ಹೆಣ್ಣು ನವಿಲೊಂದು ಬುರ್ರನೆ ಎದ್ದು ಹೋಯಿತು. ನೋಡಿದರೆ ಸಾಲಿನ ನಡುವೆ ಐದು ಮೊಟ್ಟೆ. ಎತ್ತು ತುಳಿದ ಗೂಡಿಗೆ ತಾಯಿ ಮತ್ತೆ ಬರುವುದಿಲ್ಲ ಎನ್ನುತ್ತಾರೆ. ಸಂಜೆಯವರೆಗೆ ಕಾದೆವು, ಬರಲಿಲ್ಲ. ಕಾಗೆಗಳು ಮಾತ್ರ ಬಂದವು. ಆ ದಿನ ಸುಂಕಲಮ್ಮನ ಕೋಳಿ ಕಾವಿಗೆ ಕೂತಿದ್ದು ನನಗೆ ಗೊತ್ತಿತ್ತು. ಐದನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಇವನ್ನೂ ಅದರ ಹೊಟ್ಟೆಯ ಕೆಳಗೆ ಇಡು ಎಂದು ಕೊಟ್ಟು ಬಂದವಳು ನಾನೇ. ಈ ಮಾತು ಮುಂದೆ ನನಗೇ ತಿರುಗಿತು.

ಸುಂಕಲಮ್ಮ ಬುಟ್ಟಿಗೆ ರಾಗಿ ಹೊಟ್ಟು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಮೂಲೆಯಲ್ಲಿ ಒಂದು ಕಬ್ಬಿಣದ ಮೊಳೆ, ಒಂದು ಇದ್ದಿಲ ಚೂರು ಇಟ್ಟಿದ್ದಳು. ಕೋಳಿಯ ಮೊಟ್ಟೆ ಇಪ್ಪತ್ತೊಂದು ದಿನಕ್ಕೆ ಒಡೆಯುತ್ತದೆ, ನವಿಲಿನದಕ್ಕೆ ಇನ್ನೂ ಒಂದು ವಾರ ಬೇಕು. ಕೋಳಿಗೆ ಆ ಲೆಕ್ಕ ಯಾರು ಹೇಳಬೇಕು? ತನ್ನ ಏಳು ಮರಿ ಹೊರಬಂದ ಕೂಡಲೇ ಅದು ಎದ್ದು ಹೊರಟಿತು. ಸುಂಕಲಮ್ಮ ಆ ಏಳನ್ನು ಇನ್ನೊಂದು ಕೋಳಿಗೆ ಒಪ್ಪಿಸಿ, ಇದರ ಮೇಲೆ ಬುಟ್ಟಿ ಕವುಚಿ, ಬುಟ್ಟಿಯ ಮೇಲೆ ರುಬ್ಬುಗುಂಡು ಹೇರಿ ಇನ್ನೂ ಏಳು ದಿನ ಕೂರಿಸಿದಳು. ದಿನಕ್ಕೆರಡು ಸಲ ಕೈಯಲ್ಲೇ ಕಾಳು ತಿನ್ನಿಸಿ ನೀರು ಕುಡಿಸಿದಳು. ಇಪ್ಪತ್ತೆಂಟನೆಯ ದಿನ ನಾಲ್ಕು ಮರಿ ಬಂದವು. ಒಂದನ್ನು ಮುಂಗುಸಿ ಎತ್ತಿಕೊಂಡು ಹೋಯಿತು, ಮೂರು ಉಳಿದವು.

ನವಿಲು ಸಾಕುವುದು ಅಪರಾಧ ಎಂದು ನಮಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಆದರೆ ಕೋಳಿಯ ಹಿಂದೆ ಓಡಾಡುವ ಮುಷ್ಟಿಯಷ್ಟು ಗಾತ್ರದ ಮರಿ ನೋಡಿ ಯಾರಿಗೆ ಕಾನೂನು ನೆನಪಾಗುತ್ತದೆ? ತಿಂಗಳು ತುಂಬುವ ಮೊದಲೇ ಅವು ಸಂಜೆಯಾದರೆ ಬೇವಿನ ಮರ ಹತ್ತಲು ಶುರು ಮಾಡಿದವು. ಕೋಳಿ ಕೆಳಗೆ ನಿಂತು ಊರು ಒಂದಾಗುವಂತೆ ಕೂಗುತ್ತಿತ್ತು. ನಾಲ್ಕೈದು ದಿನ ಕೂಗಿ ಸಾಕಾಗಿ, ಕೊನೆಗೆ ಅದೂ ಗಾಡಿಯ ಮೂಕಿಯಿಂದ ಗೋಡೆಗೆ, ಗೋಡೆಯಿಂದ ಕೊಂಬೆಗೆ ಹಾರಿ ಮರದ ಮೇಲೆ ಮಲಗುವುದನ್ನು ಕಲಿಯಿತು. ಅದನ್ನು ನೋಡಿ ನಾವಿಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು.

ನಗು ಬೇಸಿಗೆಯವರೆಗೆ ನಡೆಯಿತು. ನವಿಲುಗಳಿಗೆಂದು ಅವಳು ಬೆಳಿಗ್ಗೆ ಒಂದು ಪಾವು ನುಚ್ಚು ಚೆಲ್ಲಿ "ಬೋ ಬೋ ಬೋ" ಎಂದು ಕರೆಯುತ್ತಿದ್ದಳು. ನಮ್ಮ ಕಡೆ ಎಲ್ಲ ಹೆಂಗಸರೂ ಕೋಳಿಯನ್ನು ಕರೆಯುವುದು ಹಾಗೆಯೇ. ಮೂರು ನವಿಲು ಬರುತ್ತಿದ್ದವು, ಅವುಗಳ ಜೊತೆಗೆ ಬೆಳವ, ಗೊರವಂಕ, ಗೌಜಲಕ್ಕಿ, ಅಳಿಲು. ಉಳಿದ ನುಚ್ಚಿಗೆ ಇಲಿ ಬಂದವು, ಇಲಿಯ ಹಿಂದೆ ಕೇರೆಹಾವು ಬಂತು. ಒಂದು ದಿನ ಬೆಳಗಾಗೆದ್ದು ನೋಡಿದರೆ ಅಂಗಳದಂಚಿನಲ್ಲಿ ಹಂದಿ ಮುಸುಡಿ ಹಾಕಿ ಕೆದಕಿದ ಗುರುತು. ಅದನ್ನೆಲ್ಲ ನಾನು ಸಹಿಸಿದೆ. ನಾನು ಸಹಿಸಿದೆ ಎಂದರೆ ದಿನಕ್ಕೊಮ್ಮೆ ಮಾತ್ರ ಬೈಯುತ್ತಿದ್ದೆ ಎಂದರ್ಥ.

ಏಪ್ರಿಲ್ ಕೊನೆಗೆ ನಾನು ಈರುಳ್ಳಿ ಮಡಿ ಮಾಡಿದೆ. ಮಡಿಯ ಮಣ್ಣು ಹೇಗಿರುತ್ತದೆಂದರೆ, ಕಲ್ಲು ಹೆಂಟೆ ಇಲ್ಲದ ಹಾಗೆ ಜರಡಿ ಹಿಡಿದು, ಹಳೆಯ ಕುರಿಗೊಬ್ಬರ ಬೆರೆಸಿ, ಕೈಯಲ್ಲಿ ಹಿಡಿದರೆ ಹಿಟ್ಟು. ನವಿಲಿಗೆ ಬೇಕಾದ್ದೂ ಅದೇ. ಅಂಥ ಮಣ್ಣು ಕಂಡರೆ ಅವು ಮಲಗಿ, ರೆಕ್ಕೆ ಬಡಿದು, ಮೈಯೆಲ್ಲ ಮಣ್ಣೆರಚಿಕೊಂಡು ಸ್ನಾನ ಮಾಡುತ್ತವೆ. ನಾನು ಹಳೆಯ ಕ್ಯಾಸೆಟ್ ರೀಲು ಎಳೆದು ಕಟ್ಟಿದೆ, ಜಾಲಿಮುಳ್ಳು ಹಾಸಿದೆ, ಖಾರದಪುಡಿ ಎರಚಿದೆ. ಮನುಷ್ಯರ ಕೈಯಲ್ಲಿ ಬೆಳೆದವಕ್ಕೆ ಯಾವುದರ ಭಯ? ಮಡಿ ಕೆಟ್ಟಾಗಲೆಲ್ಲ ಸುಂಕಲಮ್ಮ ತಪ್ಪಾಯಿತೆಂದು ಬಂದು, ತಾನೇ ಕೂತು ಮಣ್ಣು ಸರಿ ಮಾಡಿ ಬೀಜ ಹಾಕಿ ಹೋಗುತ್ತಿದ್ದಳು. ಅವಳು ಎದುರು ಮಾತಾಡದೆ ಕೆಲಸ ಮಾಡುವುದು ನನಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು. ಜಗಳ ಆಡುವವರಿಗೆ ಎದುರಾಳಿ ಬೇಡವೇ?

ಮೇ ತಿಂಗಳ ಒಂದು ಶನಿವಾರ ಎದ್ದು ನೋಡುತ್ತೇನೆ, ಒಂಬತ್ತು ಮಡಿ ಈರುಳ್ಳಿ ಸಸಿ ಬುಡ ಮೇಲಾಗಿ ಬಿದ್ದಿವೆ. ಹನ್ನೊಂದು ಮನೆಯವರಿಗೆ ಕೊಡುತ್ತೇನೆಂದು ಮಾತು ಕೊಟ್ಟ ಸಸಿ ಅವು. ನಡುವಿನ ಮಡಿಯಲ್ಲಿ ಮೂರೂ ಹಾಯಾಗಿ ಬಿದ್ದುಕೊಂಡಿದ್ದವು, ನಾನು ಹತ್ತಿರ ಹೋದರೂ ಏಳಲಿಲ್ಲ. ಆ ದಿನ ನನ್ನ ಬಾಯಿಂದ ಬಂದದ್ದನ್ನು ಇಲ್ಲಿ ಹೇಳಲಾಗುವುದಿಲ್ಲ. ಕಾಡಿನ ಮೊಟ್ಟೆ ಕದ್ದು ಕೋಳಿಯ ಕೆಳಗಿಟ್ಟ ಕಳ್ಳಿ ಎಂದೂ ಅಂದೆ. ಆಗ ಸುಂಕಲಮ್ಮ ಮೆಲ್ಲಗೆ, ಮೊಟ್ಟೆ ನೀನೇ ಸೆರಗಿನಲ್ಲಿ ತಂದು ಕೊಟ್ಟಿದ್ದಲ್ಲವೇ ಅಕ್ಕ, ಎಂದಳು. ನಿಜದ ಮಾತು ಕೇಳಿದರೆ ಸಿಟ್ಟು ಇಳಿಯಬೇಕು. ನನಗೆ ನೆತ್ತಿಗೇರಿತು. ಗುಡ್ಡದ ರಸ್ತೆಯ ಬೋರ್ಡಿನಲ್ಲಿ ಅರಣ್ಯ ಇಲಾಖೆಯ ನಂಬರು ಇತ್ತು, ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂದು ನನ್ನ ತಾಯಿ ಹೇಳುತ್ತಿದ್ದಳು. ಫೋನ್ ಇಟ್ಟ ಮೇಲೆ ನೆನಪಾಯಿತು.

ಮೂರನೆಯ ದಿನ ವೆಂಕಟೇಶ್ ಎಂಬ ಗಾರ್ಡು ಬೈಕಿನಲ್ಲಿ ಬಂದ. ಸೀರೆಬೇಲಿಯ ಈಚೆ ನಿಂತು ನಾನು ಕಿವಿಯಾದೆ. ಸುಂಕಲಮ್ಮನಿಗೆ ದಾರಿ ಸಲೀಸಾಗಿತ್ತು. ಕಾಡಿನಿಂದ ಅವೇ ಬರುತ್ತವೆ ಸ್ವಾಮಿ, ನಾವೇನು ಮಾಡೋಣ ಎಂದಿದ್ದರೆ ಮುಗಿಯುತ್ತಿತ್ತು. ನಾನಾದರೂ ಹಾಗೇ ಅನ್ನುತ್ತಿದ್ದೆ, ಊರಿನಲ್ಲಿ ಯಾರಾದರೂ ಹಾಗೇ ಅನ್ನುತ್ತಿದ್ದರು. ಅವಳು ನೆಟ್ಟಗೆ ನಿಂತು, "ನನ್ನವೇ ಸಾರ್. ಕೋಳಿ ಕೆಳಗೆ ಇಟ್ಟು ಮರಿ ಮಾಡಿಸ್ದೆ. ನಾನೇ ಸಾಕಿದ್ದು" ಎಂದಳು.

ಮೊಟ್ಟೆ ಎಲ್ಲಿಂದ ಬಂತು ಎಂದು ಅವನು ಕೇಳಿದ. ಹೊಲದಲ್ಲಿ ಸಿಕ್ಕವು ಎಂದಳು, ಅಷ್ಟೇ. ಯಾರ ಹೊಲ ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಸೀರೆಯ ಹಿಂದೆ ನಿಂತಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಗಾರ್ಡು ಒಳ್ಳೆಯವನು, ಸುಮಾರು ಹೊತ್ತು ಯೋಚಿಸಿದ. ಆಮೇಲೆ ಹೇಳಿದ, "ಇವನ್ನು ನಾನು ತಗೊಂಡು ಹೋದ್ರೆ ಬದುಕಿರೋವರೆಗೂ ಜಾಲರಿ ಒಳಗೇ ಇರ್ಬೇಕಮ್ಮ. ಮನುಷ್ಯರನ್ನ ಕಂಡು ಓಡದ ನವಿಲನ್ನ ಕಾಡಿಗೆ ಬಿಡಾಕೆ ಆಗಲ್ಲ. ನಿಮ್ಮ ಮೇಲೆ ಕೇಸೂ ಬರೀಬೇಕಾಗ್ತೈತೆ. ಮಣ್ಣೆತ್ತಿನ ಅಮಾವಾಸ್ಯೆ ಕಳ್ದ ಮೇಲೆ ಬರ್ತೀನಿ. ಅಷ್ಟೊತ್ತಿಗೆ ಇವು ಗುಡ್ಡದಾಗಿದ್ದು, ನೀವು ಕರೆದ್ರೂ ಬರ್ಲಿಲ್ಲ ಅಂದ್ರೆ ಕಾಡಿನ ನವಿಲು. ಬಂದ್ರೆ ಸಾಕಿದ ನವಿಲು."

ಕೈಯಲ್ಲಿದ್ದದ್ದು ಒಂದು ತಿಂಗಳು ಚಿಲ್ಲರೆ. ಅಷ್ಟರೊಳಗೆ ಮೂರೂ ಕಾಡಿನವಾಗಬೇಕು, ಇಲ್ಲದಿದ್ದರೆ ಅವಕ್ಕೆ ಪಂಜರ, ಅವಳಿಗೆ ಕೋರ್ಟು. ಸುಂಕಲಮ್ಮ ಅಳುತ್ತಾ ಕೂರಲಿಲ್ಲ. ಮರುದಿನವೇ ಮೂರು ಮೈಲಿ ದೂರದ ಕುರುಚಲು ಗುಡ್ಡಕ್ಕೆ ಅವನ್ನು ಕರೆದುಕೊಂಡು ಹೋಗಿ ಬಿಟ್ಟು ಬಂದಳು. ಅವಳು ನಡೆದು ಮನೆ ಸೇರುವ ಹೊತ್ತಿಗೆ ಮೂರೂ ಬೇವಿನ ಮರದಲ್ಲಿ ಕೂತಿದ್ದವು. ಎರಡು ಸಲ ಹೀಗೇ ಆಯಿತು. ಆಗ ಚಿಕ್ಕಹನುಮಂತಪ್ಪ ತನ್ನ ದಿನದ ನಾಲ್ಕು ಮಾತನ್ನೂ ಒಟ್ಟಿಗೆ ಖರ್ಚು ಮಾಡಿ, ಕುರಿಗಾದರೂ ಮಲಗಿದ ಜಾಗವೇ ಮನೆ, ಹಟ್ಟಿ ಬದಲಾಯಿಸದೆ ಮೇವು ಬದಲಾಯಿಸಿದರೆ ಏನು ಬಂತು ಎಂದನಂತೆ.

ಅದೇ ಮಾತು ಹಿಡಿದು ಅವಳು ಹಟ್ಟಿಯನ್ನೇ ಎತ್ತಿದಳು. ಗುಡ್ಡದ ಬುಡದಲ್ಲಿ ಹೊಲವಿದ್ದ ರೈತರೊಬ್ಬರು ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿ ಎಂದು ಮೊದಲೇ ಕೇಳಿದ್ದರು. ಗಂಡ, ಕುರಿ, ಹಟ್ಟಿಗೆ ಸುತ್ತ ಕಟ್ಟುವ ಬಲೆ, ಟಾರ್ಪಾಲು, ಒಲೆಕಲ್ಲು ಎಲ್ಲ ಹೊರಟವು. ಎಲ್ಲದರ ಮುಂದೆ ಸುಂಕಲಮ್ಮ, ಅವಳ ತಲೆಯ ಮೇಲೆ ಬುಟ್ಟಿಯಲ್ಲಿ ಸಾಕುತಾಯಿ ಕೋಳಿ, ಅವಳ ಹಿಂದೆ ಸಾಲಾಗಿ ಮೂರು ನವಿಲು. ಜಗಳೂರು ಬಸ್ಸಿನವನು ಹಾರ್ನ್ ಹಾಕದೆ ನಿಲ್ಲಿಸಿ ದಾರಿ ಬಿಟ್ಟನಂತೆ. ಮಳೆಗಾಲದ ಮುಂದೆ ಸ್ವಂತ ಮನೆ ಬಿಟ್ಟು, ಮೂರು ಹಕ್ಕಿಗಾಗಿ ಟಾರ್ಪಾಲಿನ ಕೆಳಗೆ ಸಂಸಾರ ಹೂಡಿದವಳನ್ನು ಊರು ಹುಚ್ಚಿ ಎಂದಿತು. ನನಗೆ ಹಾಗೆನ್ನುವ ಮುಖ ಇರಲಿಲ್ಲ. ಫೋನ್ ಮಾಡಿದ್ದು ನಾನೇ ಎಂಬುದನ್ನು ಇನ್ನೂ ಯಾರಿಗೂ ಹೇಳಿರಲಿಲ್ಲ.

ಹತ್ತು ದಿನ ಕೋಳಿಯನ್ನು ಗುಡ್ಡದ ಹೊಂಗೆಮರಕ್ಕೆ ಕಾಲು ಕಟ್ಟಿ ಇಟ್ಟಳು. ನವಿಲುಗಳು ಆ ಮರದಲ್ಲೇ ಮಲಗುವುದನ್ನು ರೂಢಿ ಮಾಡಿಕೊಂಡವು. ನುಚ್ಚನ್ನು ಪಾವಿನಿಂದ ಅರ್ಧ ಪಾವಿಗೆ, ಅಲ್ಲಿಂದ ಒಂದು ಹಿಡಿಗೆ ಇಳಿಸಿದಳು. ಮೊದಲ ಮಳೆ ಬಿದ್ದ ಸಂಜೆ ಹುತ್ತದಿಂದ ಈಸಲುಹುಳ, ಅಂದರೆ ರೆಕ್ಕೆ ಬಂದ ಗೆದ್ದಲು, ಎದ್ದವು. ಮೂರೂ ಹೊಟ್ಟೆ ಬಿರಿಯುವಂತೆ ತಿಂದು ಮಾರನೆಯ ಬೆಳಿಗ್ಗೆ ನುಚ್ಚಿನ ಕಡೆ ತಿರುಗಿಯೂ ನೋಡಲಿಲ್ಲ. ಅಂದು ನುಚ್ಚು ಪೂರಾ ನಿಂತಿತು.

ಮರುದಿನ ಅವಳು ನಮ್ಮ ಮನೆಗೆ ಬಂದಳು. ಒಂದು ಕೈಯಲ್ಲಿ ಕೋಳಿ. ಇದು ಇನ್ನು ಅಲ್ಲಿರಬಾರದು, ನಿನ್ನ ಹತ್ತಿರ ಇಟ್ಟುಕೋ ಎಂದಳು. ಆಮೇಲೆ ಹೊಸಿಲ ಮೇಲೆ ಕೂತು, "ಸಾವಂತ್ರಕ್ಕ, ಹೊಟ್ಟೆಗೆ ಹುಡ್ಕೋದು ಕಲ್ತವೆ. ಹೆದ್ರೋದು ಕಲ್ತಿಲ್ಲ. ನಿನ್ನ ಬಾಯಿ ಬೇಕಾಗೈತೆ" ಎಂದಳು.

ನನಗೆ ತಡೆಯಲಾಗಲಿಲ್ಲ. ಫೋನ್ ಮಾಡಿದವಳು ನಾನೇ ಕಣೇ ಎಂದೆ. ಅವಳು ಕೋಳಿಯ ಕಾಲಿಗೆ ದಾರ ಕಟ್ಟುತ್ತಾ, "ಗೊತ್ತಕ್ಕ. ನಮ್ಮೂರಾಗೆ ಇನ್ಯಾರಿಗೈತೆ ಅಷ್ಟು ಧೈರ್ಯ" ಎಂದು ನಕ್ಕಳು. ನಾನು ಒಳಗೆ ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದೆ.

ಅಂದಿನಿಂದ ದಿನಾ ಬೆಳಿಗ್ಗೆ ನನ್ನ ಗಂಡ ಟಿವಿಎಸ್ಸಿನಲ್ಲಿ ನನ್ನನ್ನು ಗುಡ್ಡದ ಬುಡಕ್ಕೆ ಇಳಿಸಿ ಹೋಗುತ್ತಿದ್ದರು. ಮೊದಲ ದಿನ ನಾನು ಎಣ್ಣೆ ಡಬ್ಬ ಬಡಿಯುತ್ತಾ, ನನ್ನ ಆಯುಷ್ಯದಲ್ಲೇ ಬೈಯದಷ್ಟು ಬೈಯುತ್ತಾ ಅವುಗಳ ಮೇಲೆ ನುಗ್ಗಿದೆ. ಕುರಿಗಳು ಚೆದುರಿದವು. ಚಿಕ್ಕಹನುಮಂತಪ್ಪ ಎದ್ದು ನಿಂತ. ನವಿಲುಗಳು ಮಾತ್ರ ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿದವು. ಸುಂಕಲಮ್ಮ ನಕ್ಕು ನಕ್ಕು ನೆಲಕ್ಕೆ ಕೂತಳು. ಮೊಟ್ಟೆಯೊಳಗಿದ್ದಾಗಿನಿಂದ ಅವು ನನ್ನ ಬೈಗುಳ ಕೇಳಿಕೊಂಡು ಬೆಳೆದಿದ್ದವು. ಅವಕ್ಕೆ ಅದು ಬೆಳಗಾಯಿತು ಎಂಬ ಸೂಚನೆ, ಇನ್ನೇನಲ್ಲ. ಐವತ್ತು ವರ್ಷ ಬೆಳೆಸಿದ ಬಾಯಿ ಕೆಲಸಕ್ಕೆ ಬಾರದೆ ಹೋಯಿತು.

ಆಗ ಅವಳೇ ಉಪಾಯ ಹೇಳಿದಳು. ಸದ್ದಿಲ್ಲದೆ ಬರಬೇಕು, ಹಿಂದಿನಿಂದ ಬರಬೇಕು, ಮುಖ ಕಾಣಬಾರದು. ನಾನು ಗಂಡನ ಮಳೆಕೋಟು ಹಾಕಿಕೊಂಡು, ಹಸಿ ಗೋಣಿಚೀಲ ಹಿಡಿದು, ಲಾಂಟಾನ ಪೊದೆಯ ಹಿಂದೆ ಗಂಟೆಗಟ್ಟಲೆ ಉಸಿರು ಬಿಗಿಹಿಡಿದು ಕೂರುವುದನ್ನು ಕಲಿತೆ. ಅವು ಹತ್ತಿರ ಬಂದಾಗ ಎದ್ದು ಚೀಲ ಬೀಸಿ ನೆಲಕ್ಕೆ ಬಡಿಯುತ್ತಿದ್ದೆ. ಮೂರರಲ್ಲಿ ಒಂದು ಗಂಡು, ಎರಡು ಹೆಣ್ಣು. ಎರಡನೆಯ ದಿನ ಗಂಡು ಹಾರಿತು, ಮೂರನೆಯ ದಿನ ದೊಡ್ಡ ಹೆಣ್ಣು. ಸಣ್ಣ ಹೆಣ್ಣಿಗೆ ಒಂದು ವಾರ ಹಿಡಿಯಿತು. ಹಾರಿದ ಮೇಲೂ ಅದು ಬಂಡೆಯ ಮೇಲೆ ಕೂತು, ಇದು ಆಟ ಇರಬಹುದೇ ಎಂದು ನೋಡುತ್ತಿತ್ತು. ಪೊದೆಯಲ್ಲಿ ಸುಮ್ಮನೆ ಕೂತ ಆ ದಿನಗಳಲ್ಲಿ ನನಗೆ ಎಷ್ಟೋ ವಿಷಯ ಕಂಡಿತು. ಸುಂಕಲಮ್ಮ ದೂರದಲ್ಲಿ ಬೆನ್ನು ತಿರುಗಿಸಿ ಕೂತಿರುತ್ತಿದ್ದಳು. ಅವುಗಳ ಕಡೆ ನೋಡುತ್ತಿರಲಿಲ್ಲ, ಅವುಗಳ ಜೊತೆ ಮಾತಾಡುತ್ತಿರಲಿಲ್ಲ. ಸಣ್ಣದು ಅವಳ ಸೀರೆಯಂಚನ್ನು ಕುಕ್ಕಿ ಕರೆದರೂ ಅವಳು ಕಲ್ಲಿನಂತೆ ಕೂತಿರುತ್ತಿದ್ದಳು. ನಾನಾಗಿದ್ದರೆ ಎರಡು ನಿಮಿಷಕ್ಕೆ ಸೋಲುತ್ತಿದ್ದೆ.

ಅಮಾವಾಸ್ಯೆಗೆ ಎಂಟು ದಿನ ಇರುವಾಗ ನಾನು, ಕೆಲಸ ಆಯಿತಲ್ಲ, ಮನುಷ್ಯರನ್ನು ಕಂಡರೆ ಹಾರುತ್ತವೆ, ಇನ್ನೇನು ಎಂದೆ. ಅವಳು ತಲೆ ಅಲ್ಲಾಡಿಸಿದಳು. ಅವಳ ಯೋಚನೆ ಅಲ್ಲಿಗೆ ನಿಂತಿರಲಿಲ್ಲ. "ನನ್ನ ಕರೆ ಇನ್ನೂ ಉಳಿದೈತಕ್ಕ. ಈ ಸುತ್ತಿನಾಗೆ ಯಾವ ಮನೆ ಹಿತ್ತಲಿಗೆ ಹೋದ್ರೂ ಕೋಳೀನ ಹಿಂಗೇ ಕರೀತಾರೆ. ನಾಳೆ ಯಾರೋ ಬೋ ಬೋ ಅಂದ್ರೆ ಇವು ನಾನೇ ಅನ್ಕಂಡು ಹೋಗ್ತವೆ. ಅವರು ಸಾರು ಮಾಡ್ತಾರೆ. ನನ್ನ ಕರೆಗೇ ಇವು ಹೆದರ್ಬೇಕು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಬೇಡ ಕಣೇ ಎಂದೆ. ಅವಳು ಕೇಳಲಿಲ್ಲ. ಮರುದಿನದಿಂದ ಅವಳು ಬಯಲಲ್ಲಿ ನಿಂತು ಹಳೆಯ ದನಿಯಲ್ಲೇ ಕರೆಯುವುದು, ಅವು ಕತ್ತು ಚಾಚಿ ಓಡಿ ಬರುವುದು, ಹತ್ತಿರ ಬಂದಾಗ ಅವಳ ಹಿಂದಿನ ಪೊದೆಯಿಂದ ನಾನು ಎದ್ದು ಚೀಲ ಬಡಿಯುವುದು. ಎರಡು ಸಲ ಚೀಲದ ತುದಿ ಗಂಡಿಗೆ ತಗಲಿತು. ಪ್ರತಿ ಸಲ ಅವಳು ಕರೆಯುವ ಮುಂಚೆ ಕಣ್ಣು ಮುಚ್ಚುತ್ತಿದ್ದಳು. ದನಿಯನ್ನು ಮಾತ್ರ ಒಂದು ಎಳೆಯೂ ಕಡಿಮೆ ಮಾಡಲಿಲ್ಲ, ಅದೇ ಪ್ರೀತಿ, ಅದೇ ಎಳೆತ. ಮರಿಯನ್ನು ಬೆಳೆಸಿದ ಕರೆಯನ್ನು ತಾನೇ ಕೈಯಾರೆ ಕೆಡಿಸುತ್ತಿದ್ದಳು. ಅಷ್ಟು ಗಟ್ಟಿ ಎದೆ ನಾನು ಬೇರೆ ಯಾರಲ್ಲೂ ಕಂಡಿಲ್ಲ, ಕಾಣುತ್ತೇನೆಂದೂ ಅನಿಸುವುದಿಲ್ಲ. ಐದನೆಯ ದಿನಕ್ಕೆ ಕರೆ ಕೇಳಿದರೆ ಗಂಡು, ದೊಡ್ಡ ಹೆಣ್ಣು ಎರಡೂ ಗುಡ್ಡ ಏರಿ ಓಡತೊಡಗಿದವು. ಸಣ್ಣದು ಒಂದು ದಿನ ಓಡುತ್ತಿತ್ತು, ಒಂದು ದಿನ ನಿಲ್ಲುತ್ತಿತ್ತು.

ಮಣ್ಣೆತ್ತಿನ ಅಮಾವಾಸ್ಯೆ ಕಳೆದ ಮೂರನೆಯ ಬೆಳಿಗ್ಗೆ ವೆಂಕಟೇಶ್ ಬಂದ. ಮೋಡ ಕವಿದಿತ್ತು, ಮಳೆ ಇರಲಿಲ್ಲ. ಬಂಡೆಯ ಕೆಳಗೆ ಏಳೆಂಟು ನವಿಲು ಮೇಯುತ್ತಿದ್ದವು. ಅದರಲ್ಲಿ ನಮ್ಮವು ಯಾವುವೆಂದು ಅವನಿಗೆ ತಿಳಿಯಲಿಲ್ಲ, ನಮಗೆ ತಿಳಿಯಿತು. ಒಂದು ಗಂಡು, ಕತ್ತು ಈಗಷ್ಟೇ ನೀಲಿಯಾಗುತ್ತಿದ್ದದ್ದು, ಎರಡು ಹೆಣ್ಣು. ಅವನು ಕೈಕಟ್ಟಿ ನಿಂತು, ಕರೀರಿ ಅಮ್ಮ, ಎಂದ.

ನಾನು ಸುಂಕಲಮ್ಮನ ಸೊಂಟ ಚಿವುಟಿದೆ. ಬೇರೇನಾದರೂ ಕೂಗು, ಕುರಿ ಕರೆಯುವ ಹಾಗೆ ಕರೆ, ಅವನಿಗೇನು ಗೊತ್ತು ಎಂದು ಕಿವಿಯಲ್ಲಿ ಹೇಳಿದೆ. ಅವಳು ನನ್ನ ಕೈ ಬಿಡಿಸಿಕೊಂಡಳು.

"ನಾನು ಸುಳ್ಳು ಕರೆದ್ರೆ, ನಾಳೆ ಇನ್ಯಾರೋ ನಿಜವಾಗ್ಲೂ ಕರೀತಾರಕ್ಕ."

ಎರಡು ಹೆಜ್ಜೆ ಮುಂದೆ ಹೋಗಿ ಅವಳು ಕರೆದಳು. ಬೇವಿನ ಮರದ ಕೆಳಗೆ ನುಚ್ಚು ಚೆಲ್ಲುವಾಗ ಕರೆಯುತ್ತಿದ್ದ ಹಾಗೆಯೇ, ತುಂಬು ಗಂಟಲಿನಲ್ಲಿ. ಗಂಡು ಅರೆಗಳಿಗೆ ನಿಲ್ಲದೆ ಪೊದೆ ಸೇರಿತು. ದೊಡ್ಡ ಹೆಣ್ಣು ಬಂಡೆ ಹಾರಿ ಆಚೆ ಹೋಯಿತು. ಅವುಗಳ ಗದ್ದಲಕ್ಕೆ ಕಾಡಿನವೂ ಚೆದುರಿದವು. ಸಣ್ಣದು ನಿಂತಿತು. ಕತ್ತನ್ನು ಓರೆ ಮಾಡಿ ಸುಂಕಲಮ್ಮನನ್ನೇ ನೋಡಿತು. ಆಮೇಲೆ ಒಂದು ಹೆಜ್ಜೆ ನಮ್ಮ ಕಡೆ ಇಟ್ಟಿತು, ಇನ್ನೊಂದು ಇಟ್ಟಿತು. ನನ್ನ ಕೈಯಲ್ಲಿ ಚೀಲ ಇರಲಿಲ್ಲ, ಇದ್ದರೂ ಅಷ್ಟು ದೂರಕ್ಕೆ ಮುಟ್ಟುತ್ತಿರಲಿಲ್ಲ. ಗಾರ್ಡು ಕಟ್ಟಿದ್ದ ಕೈ ಬಿಚ್ಚಿದ. ಪಂಜರದಲ್ಲಿ ಕೂತ ಸಣ್ಣದು ನನ್ನ ಕಣ್ಣ ಮುಂದೆ ಬಂತು.

ಸುಂಕಲಮ್ಮ ಬಗ್ಗಿ ಒಂದು ಕಲ್ಲು ತೆಗೆದುಕೊಂಡಳು. ಅಷ್ಟು ದಿನದಲ್ಲಿ ಹೊಡೆಯುವ ಕೆಲಸ ಪೂರಾ ನನ್ನದಾಗಿತ್ತು, ಅವಳು ಒಂದು ಹೆಂಟೆಯನ್ನೂ ಎಸೆದವಳಲ್ಲ. ಕಣ್ಣು ಮುಚ್ಚಿ ಬೀಸಿದಳು. ಕಲ್ಲು ಹೋಗಿ ಸಣ್ಣದರ ರೆಕ್ಕೆಯ ಬುಡಕ್ಕೆ ಬಡಿಯಿತು. ಅದು ಮುಗ್ಗರಿಸಿ, ಎದ್ದು, ಅದುವರೆಗೆ ನಾನು ಕೇಳದ ದನಿಯಲ್ಲಿ ಚೀರಿ, ನೆಲ ಬಿಟ್ಟು ಮೇಲೆದ್ದು ಗುಡ್ಡದ ಆಚೆಗೆ ಹೋಯಿತು.

ವೆಂಕಟೇಶ್ ಗುಡ್ಡದ ಕಡೆ ನೋಡಿದ, ಅವಳ ಕಡೆ ನೋಡಿದ, ಟೋಪಿ ಸರಿ ಮಾಡಿಕೊಂಡ. "ಕಾಡಿನ ನವಿಲು ಬಿಡ್ರಿ" ಎಂದು ಹೇಳಿ ಬೈಕಿನ ಕಡೆ ನಡೆದ. ಬೈಕಿನ ಸದ್ದು ರಸ್ತೆ ಸೇರಿ ಕರಗಿತು.

ಆಮೇಲೆ ಸುಂಕಲಮ್ಮ ಕಣ್ಣು ಬಿಟ್ಟಳು.

"ತಗುಲ್ತಾ ಅಕ್ಕ?"

"ಇಲ್ಲ ಕಣೇ. ಪಕ್ಕದಾಗೆ ಬಿತ್ತು."

"ಚೀರಿದ್ದು ಕೇಳಿಸ್ತು."

"ಹೆದ್ರಿಕೆಗೆ ಚೀರ್ತು. ಒಂದು ಮಾರು ದೂರ ಬಿತ್ತು ಕಲ್ಲು, ನಾನೇ ನೋಡಿದ್ನಲ್ಲ."

ಅವಳು ನಂಬಿದಳೋ ಇಲ್ಲವೋ, ಆ ಜಾಗದ ಕಡೆ ಹೊರಟಳು. ನಾನು ಮಂಡಿನೋವು ಮರೆತು ಅವಳಿಗಿಂತ ಮುಂದೆ ಓಡಿದೆ. ಕಲ್ಲಿನ ಪಕ್ಕದಲ್ಲಿ ಒಂದು ಕಂದು ಗರಿ ಬಿದ್ದಿತ್ತು. ಅವಳು ಬರುವಷ್ಟರಲ್ಲಿ ಅದರ ಮೇಲೆ ಕಾಲಿಟ್ಟು ನಿಂತೆ. ಅವಳು ಸುತ್ತಲೂ ನೋಡಿದಳು, ನೆಲ ನೋಡಿದಳು, ಗುಡ್ಡ ನೋಡಿದಳು, ಸೆರಗಿನಿಂದ ಮೂಗು ಒರೆಸಿಕೊಂಡಳು. ಕುರಿ ಬಿಡುವ ಹೊತ್ತಾಯಿತು ಎಂದು ಕೆಳಗೆ ಇಳಿಯತೊಡಗಿದಳು. ಅವಳು ಹಟ್ಟಿ ಮುಟ್ಟುವವರೆಗೂ ನಾನು ಕಾಲು ಎತ್ತಲಿಲ್ಲ.